ಬೆನ್ನಿನ ಗುರುತು

ನವೆಂಬರ್ ೨೧, ಗುರುವಾರ

ಸಕ್ಕರೆ ಕಾರ್ಖಾನೆಯವರು ಶೇರುದಾರರಿಗೆ ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಹದಿನಾರು ವರ್ಷದ ಡೈರಿಗಳು ನಮ್ಮ ಕಪಾಟಿನಲ್ಲಿ ಒಂದಕ್ಷರ ಬರೆಯದೆ ಕೋರಾ ಬಿದ್ದಿವೆ. ನನಗೆ ಬರೆಯುವ ಚಾಳಿಯಿಲ್ಲ. ಇವತ್ತು ಒಂದನ್ನು ತೆಗೆದದ್ದು ಸೀಮಾಳ ಕಾಟಕ್ಕೆ. ಸೀಮಾ ಎಂದರೆ ನಿಪ್ಪಾಣಿಯಿಂದ ಸ್ಕೂಟರಿನ ಮೇಲೆ ಬರುವ ಫಿಜಿಯೋಥೆರಪಿ ಹುಡುಗಿ. ವಯಸ್ಸು ಮೊಮ್ಮಗಳದು, ದನಿ ಹೆಡ್‌ಮಾಸ್ತರರದು. ಅಜ್ಜಿ ದಿನಕ್ಕೆ ಎಷ್ಟು ಹೆಜ್ಜೆ ಹಾಕಿದರು ಎಂದು ತಪ್ಪದೆ ಬರೆದಿಡಬೇಕಂತೆ.

ಬರೆಯುತ್ತೇನೆ. ಈ ತಿಂಗಳ ಹನ್ನೆರಡರಂದು ಮಧ್ಯಾಹ್ನ ಕರೆಂಟು ಹೋಯಿತು. ಮನೆಯ ಹಿಂದಿನ ಶೆಡ್ಡಿನಲ್ಲಿ ನಮ್ಮವು ಎಂಟು ಪವರ್‌ಲೂಮು ಇವೆ. ಅವು ಖಟಖಟ ಎನ್ನುತ್ತಿದ್ದರೆ ನನ್ನ ಹೆಂಡತಿ ಕಾಶಿ ನಿದ್ದೆ ಮಾಡುತ್ತಾಳೆ, ನಿಂತರೆ ಎದ್ದು ಕೂಡುತ್ತಾಳೆ. ಮೂರು ವರ್ಷದಿಂದ ಅವಳ ನೆನಪು ಒಂದೊಂದೇ ಸೋರಿ ಹೋಗಿದೆ, ಈ ಚಟ ಮಾತ್ರ ಉಳಿದಿದೆ. ಅವತ್ತೂ ಮಗ್ಗ ಯಾಕೆ ನಿಂತವು ಎಂದು ನೋಡಲು ಎದ್ದಳು, ಬಚ್ಚಲ ಮೆಟ್ಟಿಲಲ್ಲಿ ಜಾರಿದಳು. ಬಲಗಡೆಯ ಸೊಂಟದ ಎಲುಬು ಮುರಿಯಿತು. ಮಿರಜದಲ್ಲಿ ಆಪರೇಶನ್ ಆಗಿ ಒಳಗೆ ರಾಡು ಕೂತಿದೆ. ನಿನ್ನೆ ಮನೆಗೆ ತಂದೆವು.

ಡಿಸೆಂಬರ್ ಇಪ್ಪತ್ತೇಳಕ್ಕೆ ಮತ್ತೆ ತೋರಿಸಬೇಕು. ಅಷ್ಟರಲ್ಲಿ ನಡೆದರೆ ನಡೆದಳು, ಇಲ್ಲದಿದ್ದರೆ ಮುಂದೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದಾರೆ. ಈಗ ಮಗ್ಗ ನಡೆಸುವವನು ಮಗ ನಿತಿನ. ಅವನಾಗಲೇ ಹಿಡಿಕೆ ತಿರುವಿದರೆ ತಲೆ ಮೇಲೇಳುವ ಮಂಚವೊಂದನ್ನು ಮೊಬೈಲಿನಲ್ಲಿ ನೋಡಿಟ್ಟಿದ್ದಾನೆ. ಪಡಸಾಲೆಯಲ್ಲಿ ಹಾಕಿಸುತ್ತಾನಂತೆ. ನಾನು ಬೇಡ ಎಂದೆ. ಮತ್ತೇನು ಮಾಡೋಣ ಎಂದು ಕೇಳಿದ.

ಹೆಜ್ಜೆ: ಸೊನ್ನೆ.

ನವೆಂಬರ್ ೨೩, ಶನಿವಾರ

ಕಾಲು ಮುರಿದದ್ದೇ ಕಾಶಿಗೆ ನೆನಪಿಲ್ಲ. ಬೆಳಿಗ್ಗೆ ಎಂದಿನಂತೆ ಹಾಸಿಗೆಯಿಂದ ಇಳಿಯಲು ಹೋಗುತ್ತಾಳೆ, ನೋವಾಗುತ್ತದೆ, ಯಾರು ಹೊಡೆದರು ಎಂದು ಸೊಸೆ ತೃಪ್ತಿಯನ್ನು ಕೇಳುತ್ತಾಳೆ. ತೃಪ್ತಿ ಬಡಪಾಯಿ ದಿನಕ್ಕೆ ಹತ್ತು ಸಲ ತಾನು ಹೊಡೆದಿಲ್ಲ ಎಂದು ಹೇಳಬೇಕು.

ಕಾಲು ಎತ್ತಿರಿ ಅಜ್ಜಿ ಎಂದು ಸೀಮಾ ಹೇಳಿದಳು. ಕಾಶಿ ಅವಳ ಗಲ್ಲ ಸವರಿ, "ನೀ ಯಾರ ಮಗಳವ್ವಾ?" ಎಂದು ಕೇಳಿದಳು. ಐದು ಸಲ ಕೇಳಿದಳು. ಐದು ಸಲವೂ ಆ ಹುಡುಗಿ ಅಪ್ಪನ ಹೆಸರು, ಊರು, ಓಣಿ ಎಲ್ಲ ಹೇಳಿದಳು. ಅವಳಿಗೆ ತಾಳ್ಮೆ ಇದೆ, ಒಪ್ಪಿಕೊಳ್ಳಬೇಕು.

ನನ್ನ ವಿಷಯ ಬೇರೆ. ನಾನು ಎದುರಿಗೆ ಹೋದರೆ, "ಈಶ್ವರಣ್ಣಾ, ಮಗ್ಗ ರಿಪೇರಿ ಆತೇನು?" ಎನ್ನುತ್ತಾಳೆ. ಈಶ್ವರ ನಮ್ಮ ಜಾಬರ, ಮಗ್ಗ ಕೆಟ್ಟರೆ ನೆಟ್ಟಗೆ ಮಾಡುತ್ತಿದ್ದವ. ಇಪ್ಪತ್ತು ವರ್ಷದ ಹಿಂದೆಯೇ ಕೆಲಸ ಬಿಟ್ಟು ಇಚಲಕರಂಜಿಗೆ ಹೋದ. ಅವನಿಗೆ ಕಸಬರಿಗೆಯಂಥ ಮೀಸೆ ಇತ್ತು, ನನಗೆ ಮೀಸೆಯೇ ಇಲ್ಲ. ನಾನು ತವನಪ್ಪ, ನಿನ್ನ ಗಂಡ, ಐವತ್ತೆರಡು ವರ್ಷ ಆಯಿತು ಎಂದು ಬಿಡಿಸಿ ಹೇಳಿದೆ. ಕಾಶಿ ನಾಚಿಕೊಂಡು ಸೆರಗು ಎಳೆದುಕೊಂಡು ತೃಪ್ತಿಯ ಕಡೆ ನೋಡಿದಳು. ಈಶ್ವರನ ಬುದ್ಧಿ ಕೆಟ್ಟಿದೆ ಎಂದು ತಿಳಿದಿರಬೇಕು.

ತಿದ್ದಬೇಡಿರಿ, ತಿದ್ದಿದರೆ ಅಂಜುತ್ತಾರೆ ಎಂದು ಸೀಮಾ ಹೇಳಿದಳು. ಹಾಗಾಗಿ ಸದ್ಯಕ್ಕೆ ನಾನು ಜಾಬರ. ಒಂದು ಲಾಭವೂ ಉಂಟು. ಜಾಬರನಿಗೆ ಚಹಾ ಕೊಡಿ, ಬಿಸಿಲಲ್ಲಿ ಬಂದಾನ ಎಂದು ಕಾಶಿ ಕಾಳಜಿಯಿಂದ ಹೇಳುತ್ತಾಳೆ. ಗಂಡನಿಗೆ ಈ ಉಪಚಾರ ಸಿಕ್ಕದ್ದು ನನಗಂತೂ ನೆನಪಿಲ್ಲ.

ಹೆಜ್ಜೆ: ಸೊನ್ನೆ.

ನವೆಂಬರ್ ೨೭, ಬುಧವಾರ

ಸೊನ್ನೆ. ವಾಕರ್ ಬಂದಿದೆ, ನಾಲ್ಕು ಕಾಲಿನ ಅಲ್ಯೂಮಿನಿಯಂ ಕಟಾಂಜನ. ಕಾಶಿ ಅದನ್ನು ಮೆಚ್ಚಿದಳು. ಅದರ ಮೇಲೆ ಒದ್ದೆ ಟವೆಲ್ ಒಣಹಾಕಲು ಹೇಳಿದಳು.

ಅಥಣಿಯಿಂದ ಮಗಳು ಶೈಲಾ ಬಂದಳು. ತಾಯಿಯ ಕಾಲು ಹಿಡಿದು ಅತ್ತಳು, ಆಮೇಲೆ ಅಣ್ಣನ ಜೊತೆ ಕೂತು ಮಂಚದ ಚಿತ್ರ ನೋಡಿದಳು. ಅವ್ವನಿಗೆ ಇನ್ನು ಕಷ್ಟ ಕೊಡಬೇಡಿರಿ, ತಿಳಿಯದವಳನ್ನು ಎಬ್ಬಿಸಿ ಕೂರಿಸಿ ಮಾಡುವುದು ಪಾಪ ಎಂಬುದು ಅವಳ ಮಾತು. ಇಬ್ಬರೂ ಒಂದೇ. ನಾನೊಬ್ಬ ಬೇರೆ.

ನವೆಂಬರ್ ೨೯, ಶುಕ್ರವಾರ

ಇವತ್ತು ಏನೋ ಆಯಿತು. ಆದದ್ದನ್ನು ನಾನು ನೋಡಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಸೀಮಾ ಬಂದಳು. ಅರ್ಧ ತಾಸು ಏಳ್ರಿ ಅಜ್ಜಿ, ಏಳ್ರಿ ಅಜ್ಜಿ ಎಂದು ಹಾಡಿದ್ದೇ ಹಾಡಿದಳು. ಕಾಶಿ ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ. ನಾನು ಪಕ್ಕ ನಿಂತು ರಟ್ಟೆ ಹಿಡಿದು ಎತ್ತಲು ಹೋದೆ. ಕೈ ಕೊಡವಿಕೊಂಡು, "ಈಶ್ವರಣ್ಣಾ, ಕೈ ಬಿಡು. ನಮ್ಮನಿಯವ್ರು ನೋಡ್ಯಾರು" ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ನಾನು ನೋಡಿಬಿಟ್ಟೇನು ಎಂದು ನನ್ನನ್ನೇ ಹೆದರಿಸುತ್ತಾಳೆ. ಟೋಪಿ ಹಾಕಿಕೊಂಡೆ, ದಿನಾ ಹೇಳುವಂತೆ "ನಡಿ" ಎಂದು ಗೊಣಗಿ ಬಸದಿಗೆ ಹೊರಟೇಬಿಟ್ಟೆ. ದರ್ಶನ ಮುಗಿಸಿ ಬಂದರೆ ಸೀಮಾ ಮತ್ತು ತೃಪ್ತಿ ಇಬ್ಬರೂ ಬಾಗಿಲಲ್ಲಿ ನಿಂತು ನಗುತ್ತಿದ್ದರು.

ನಾನು ಬೆನ್ನು ತಿರುಗಿಸಿದ್ದೇ ತಡ, ಕಾಶಿ ತಾನಾಗಿ ಎದ್ದು ನಿಂತಳಂತೆ. ತಲೆ ಮೇಲೆ ಸೆರಗು ಎಳೆದುಕೊಂಡಳಂತೆ. ಅಕ್ಷತೆ ಡಬ್ಬಿ ಎಲ್ಲಿ ಎಂದು ಕೇಳಿದಳಂತೆ. ತೃಪ್ತಿ ಓಡಿಹೋಗಿ ವಾಕರ್ ಹಿಡಿಸುವಷ್ಟರಲ್ಲಿ ಬಾಗಿಲ ಕಡೆ ನಾಲ್ಕು ಹೆಜ್ಜೆ ಹಾಕಿದ್ದಳು. "ಅವ್ರು ಹ್ವಾದ್ರು, ಹ್ವಾದ್ರು" ಎಂದು ಚಡಪಡಿಸುತ್ತಿದ್ದಳಂತೆ.

ಹೆಜ್ಜೆ: ನಾಲ್ಕು. ಸಾಕ್ಷಿ ಇಬ್ಬರು.

ನವೆಂಬರ್ ೩೦, ಶನಿವಾರ

ಪರೀಕ್ಷೆ ಮಾಡಿದೆ. ಮುಂದೆ ನಿಂತು ಬಾ ಎಂದರೆ ಈಶ್ವರಣ್ಣಾ ಎನ್ನುತ್ತಾಳೆ. ಪಕ್ಕದಲ್ಲಿ ನಿಂತರೆ ಸೆರಗು ಎಳೆದುಕೊಂಡು ಕೂಡುತ್ತಾಳೆ. ಬೆನ್ನು ಮಾಡಿ ಟೋಪಿ ಸರಿಮಾಡಿಕೊಂಡು "ನಡಿ" ಎಂದರೆ ಏಳುತ್ತಾಳೆ.

ಯೋಚಿಸಿದರೆ ಇದರಲ್ಲಿ ಮಹಾ ಸೋಜಿಗವೇನಿಲ್ಲ. ನಮ್ಮ ಕಡೆ ಗಂಡ ಮುಂದೆ, ಹೆಂಡತಿ ಹತ್ತು ಹೆಜ್ಜೆ ಹಿಂದೆ. ನನ್ನಪ್ಪ ಹಾಗೇ ನಡೆದ, ನಾನೂ ಹಾಗೇ ನಡೆದೆ. ದಿನಾ ಬೆಳಿಗ್ಗೆ ಬಸದಿಗೆ, ಹೊಲಕ್ಕೆ, ಮದುವೆ ಮುಂಜಿಗೆ ನಾನು ಮುಂದೆ ಹೋದದ್ದೇ, ಇವಳು ಅಕ್ಷತೆ ಡಬ್ಬಿ ಹಿಡಿದು ಹಿಂದೆ ಬಂದದ್ದೇ. ಅವಳು ಹೆಚ್ಚಾಗಿ ನೋಡಿದ್ದು ನನ್ನ ಬೆನ್ನು. ಮುಖ ಮರೆತಳು, ಬೆನ್ನು ಮರೆಯಲಿಲ್ಲ.

"ತಲಿ ಮರತದ್ದು ಕಾಲಿಗೆ ನೆನಪಿರತೈತಿ ಅಜ್ಜಾರ" ಎಂದಳು ಸೀಮಾ. ಇನ್ನು ದಿನಾ ಅದೇ ಹೊತ್ತಿಗೆ, ಅದೇ ಟೋಪಿ, ಅದೇ ಮಾತು. ತೃಪ್ತಿ ಅತ್ತೆಯ ಸೊಂಟಕ್ಕೆ ಪಟ್ಟಿ ಕಟ್ಟಿ ಹಿಡಿದುಕೊಂಡು ಪಕ್ಕದಲ್ಲಿ ಬರಬೇಕು, ನಾನು ಮುಂದೆ ನಡೆಯಬೇಕು. ನನ್ನ ಪಾಲಿಗೆ ಬಂದದ್ದು ಸುಲಭದ ಕೆಲಸ, ಹುಟ್ಟಿದಾಗಿನಿಂದ ರೂಢಿಯಾದದ್ದು.

ಹೆಜ್ಜೆ: ಏಳು.

ಡಿಸೆಂಬರ್ ೬, ಶುಕ್ರವಾರ

ಸುಲಭದ ಕೆಲಸ ಎಂದು ಬರೆದದ್ದನ್ನು ಹೊಡೆದು ಹಾಕಬೇಕು.

ಮೊನ್ನೆಯವರೆಗೆ ಪಡಸಾಲೆಯಲ್ಲೇ ಹದಿನೈದು ಆಗಿತ್ತು. ಇವತ್ತು ಅಂಗಳಕ್ಕೆ ಇಳಿಸಿದೆವು. ಬಾಗಿಲು ದಾಟಿದ ಮೇಲೆ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಹತ್ತು ಹೆಜ್ಜೆಯ ಅಂತರ ಇಪ್ಪತ್ತಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಭೀಮಸಿ ಕಬ್ಬಿನ ಟ್ರ್ಯಾಕ್ಟರ್ ವಿಷಯ ತೆಗೆದ, ನಾನು ಮಾತಿಗೆ ನಿಂತೆ. ಹಿಂದೆ ಕಾಶಿ ನನ್ನನ್ನು ಹಿಡಿಯುವ ಅವಸರದಲ್ಲಿ ವಾಕರ್ ಬಿಟ್ಟು ಹೆಜ್ಜೆ ಕಿತ್ತಿದ್ದಾಳೆ. ತೃಪ್ತಿ ಪಟ್ಟಿ ಹಿಡಿದಿದ್ದಕ್ಕೆ ಬಚಾವು. ಸೊಸೆಯ ಕೂಗು ಕೇಳಿ ತಿರುಗಿದಾಗ ಇಬ್ಬರೂ ತುಳಸಿಕಟ್ಟೆಗೆ ಆತುಕೊಂಡು ನಿಂತಿದ್ದರು.

ನಿತಿನ ಮೊಬೈಲು ತೆಗೆದು ಮಂಚದ ಅಂಗಡಿಗೆ ಫೋನು ಹಚ್ಚಿದ. ಇಪ್ಪತ್ತೇಳರ ತನಕ ತಡಿ ಎಂದು ನಾನು ಕೇಳಿಕೊಂಡೆ. ಮಗನನ್ನು ಕೇಳಿಕೊಳ್ಳುವುದು ನನಗೆ ಹೊಸದು.

ಸೀಮಾ ಸಂಜೆ ಬಂದು ಕಾಶಿಯನ್ನು ಬಿಟ್ಟು ನನಗೇ ಪಾಠ ಮಾಡಿದಳು. "ಅಜ್ಜಿ ಕಲಿಯಾಕತ್ತಾರ. ನೀವು ಯಾವಾಗ ಕಲೀತೀರಿ?" ಎಂದಳು. ಅಂಗಳದಲ್ಲಿ ನನ್ನನ್ನು ಒಬ್ಬನೇ ನಡೆಸಿದಳು. ಒಂದು ಹೆಜ್ಜೆ, ಎರಡೆಣಿಸುವ ತನಕ ನಿಲ್ಲು, ಮತ್ತೊಂದು ಹೆಜ್ಜೆ. ಎಪ್ಪತ್ತಾರನೇ ವಯಸ್ಸಿನಲ್ಲಿ ನಡೆಯಲು ಕಲಿತೆ. ಭೀಮಸಿ ಗೋಡೆಯ ಮೇಲಿಂದ ನೋಡಿ ನಕ್ಕ.

ಕಾಶಿಯನ್ನು ಬಿಟ್ಟು ಬರುವುದು ನನಗೆ ಹಳೆಯ ಖ್ಯಾತಿ ಎಂದು ಅವನೇ ಸೀಮಾಳಿಗೆ ನಿಪ್ಪಾಣಿಯ ಕಥೆ ಹೇಳಿದ. ಅದನ್ನು ನಮ್ಮ ಮನೆತನದ ಎಲ್ಲ ಮದುವೆಗಳಲ್ಲಿ ಹೇಳಿ ನಗುತ್ತಾರೆ. ಮೂವತ್ತೆಂಟು ವರ್ಷದ ಹಿಂದೆ ಇಬ್ಬರೂ ನಿಪ್ಪಾಣಿಗೆ ಬಟ್ಟೆ-ಅರಿವೆ ತರಲು ಹೋಗಿದ್ದೆವು. ನಾನು ಮುಂದೆ ನಡೆದು ಬಸ್ ಹತ್ತಿದೆ, ಇವಳು ಹೆಂಗಸರ ಸೀಟಿನ ಕಡೆ ಹತ್ತಿರಬೇಕು ಎಂದುಕೊಂಡೆ. ನಮ್ಮೂರು ಬೋರಗಾಂವದಲ್ಲಿ ಇಳಿದು ಮನೆಗೆ ಬಂದು, ಕೈಕಾಲು ತೊಳೆದು, ಚಹಾ ಮಾಡು ಎಂದು ಖಾಲಿ ಅಡುಗೆಮನೆಗೆ ಹೇಳಿದೆ. ಆಗ ನಮ್ಮವ್ವ ಬಂದು ಕಾಶಿ ಎಲ್ಲಿ ಎಂದು ಕೇಳಿದಳು. ವಾಪಸು ಹೋಗಿ ಕರೆತರುವಷ್ಟರಲ್ಲಿ ಎರಡು ತಾಸಾಗಿತ್ತು. ಇವಳು ಬಳೆ ಅಂಗಡಿಯ ಮುಂದೆ ಬಾಯಿ ತೆರೆದು ನಿಂತುಬಿಟ್ಟಿರಬೇಕು, ಹೆಂಗಸರ ಹಣೆಬರಹವೇ ಅಷ್ಟು.

ಡಿಸೆಂಬರ್ ೯, ಸೋಮವಾರ

ಹಿಂದೆ ತಿರುಗಿ ನೋಡಿದರೆ ನಾನು ಈಶ್ವರನಾಗುತ್ತೇನೆ, ಕಾಶಿ ನಿಂತುಬಿಡುತ್ತಾಳೆ. ನೋಡದಿದ್ದರೆ ಅಂತರ ತಪ್ಪುತ್ತದೆ. ಅದಕ್ಕೆ ಉಪಾಯ ಮಾಡಿದೆ. ಗಡ್ಡ ಮಾಡಿಕೊಳ್ಳುವ ಕನ್ನಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಹೊರಟೆ.

ಓಣಿಯವರಿಗೆ ಹಬ್ಬವಾಯಿತು. ಈ ವಯಸ್ಸಿನಲ್ಲಿ ಯಾರಿಗೆ ಶೃಂಗಾರ ಎಂದು ಭೀಮಸಿ ಕೇಳಿದ. ನಾನು ಕನ್ನಡಿ ನೋಡುವುದರಲ್ಲಿದ್ದೆ.

ನನ್ನ ಹಿಂದೆ ನಡೆಯುವಾಗ ಕಾಶಿಯ ಮುಖ ಹೇಗಿರುತ್ತದೆ ಎಂದು ನಾನು ಇವತ್ತು ನೋಡಿದೆ. ಇಷ್ಟು ವರ್ಷ ನೋಡಿರಲಿಲ್ಲ. ಕೆಳತುಟಿ ಕಚ್ಚಿಕೊಂಡು, ಕಣ್ಣು ಕದಲಿಸದೆ, ನನ್ನ ಬೆನ್ನನ್ನೇ ನೋಡುತ್ತ ಬರುತ್ತಾಳೆ. ಎಲ್ಲಿ ತಪ್ಪಿಸಿಕೊಳ್ಳುತ್ತೇನೋ ಎಂಬ ಅಂಜಿಕೆ ಆ ಕಣ್ಣಲ್ಲಿ ಇತ್ತು.

ಹೆಜ್ಜೆ: ಇಪ್ಪತ್ತಾರು. ಅಂತರ: ಐದು.

ಡಿಸೆಂಬರ್ ೧೪, ಶನಿವಾರ

ಮಧ್ಯಾಹ್ನ ತೃಪ್ತಿ ಸಂತೆಗೆ ಹೋಗಿದ್ದಳು. ಈಶ್ವರಣ್ಣನಿಗೆ ಚಹಾ ಕೊಡಿ ಎಂದು ಕಾಶಿ ಕೂಗಿದಳು. ಕೊಡುವವರು ಯಾರೂ ಇರಲಿಲ್ಲ, ಈಶ್ವರಣ್ಣನೇ ಮಾಡಿಕೊಂಡ. ಅವಳಿಗೂ ಅರ್ಧ ಕಪ್ಪು ಕೊಟ್ಟೆ. ಸಕ್ಕರೆ ಹೆಚ್ಚಾಗಿದೆ ಎಂದಳು.

ಕುಡಿಯುತ್ತ, ಗಂಡನ ಬಗ್ಗೆ ಜಾಬರನಿಗೆ ದೂರು ಹೇಳತೊಡಗಿದಳು. ಮೊದಲು ನನಗೆ ನಗು ಬಂತು. ಊಟಕ್ಕೆ ಕರೆದರೆ ಬರುವುದಿಲ್ಲ, ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂಬ ನಿಯಮವೇ ಇಲ್ಲದವರ ಹಾಗೆ ಶೆಡ್ಡಿನಲ್ಲಿ ಕೂಡುತ್ತಾರೆ ಇತ್ಯಾದಿ. ನಾನು ಈಶ್ವರನಾಗಿ ತಲೆಯಾಡಿಸಿದೆ, ಅವರು ಹಾಗೇ ಬಿಡ್ರಿ ವೈನಿ ಎಂದೆ. ಆಮೇಲೆ ನಿಪ್ಪಾಣಿಯ ಮಾತು ಬಂತು. ಮುಂಜಾನೆ ಏನು ತಿಂದೆ ಎಂಬುದು ನೆನಪಿಲ್ಲದವಳಿಗೆ ಅದು ನಿನ್ನೆ ನಡೆದಂತೆ ಇತ್ತು.

"ಬಜಾರದಾಗ ಚಪ್ಪಲಿ ಹರೀತು ಈಶ್ವರಣ್ಣಾ. ನಾ ನಿಂತ್ನಿ, ಅವ್ರು ಮುಂದ ಹೊಂಟಿದ್ರು. ಹೆಸರ ಹಿಡದ ಕರಿಯಾಕ ಬರೂದಿಲ್ಲಲಾ. ಏನ್ರಿ ಅಂದ್ನಿ, ಮತ್ತ ಏನ್ರಿ ಅಂದ್ನಿ. ಬಜಾರದಾಗಿನ ಗಂಡಸರೆಲ್ಲಾ ಹೊಳ್ಳಿ ನೋಡಿದ್ರು. ಅವ್ರೊಬ್ರು ನೋಡಲಿಲ್ಲ."

ಅವಳೇ ನಕ್ಕಳು. ನಾನೂ ನಗಬೇಕಿತ್ತು. ಕಪ್ಪು ಬಸಿ ಎತ್ತಿಕೊಂಡು ಅಡುಗೆಮನೆಗೆ ಹೋಗಿ ತೊಳೆದಿಟ್ಟೆ.

ಡಿಸೆಂಬರ್ ೧೫, ಭಾನುವಾರ

ಹೆಜ್ಜೆ: ಮೂವತ್ತೆಂಟು. ಅಂತರ: ಮೂರು.

ಬಳೆ ಅಂಗಡಿಯ ಮಾತನ್ನು ಹೊಡೆದು ಹಾಕಿದ್ದೇನೆ.

ಡಿಸೆಂಬರ್ ೨೦, ಶುಕ್ರವಾರ

ಚಳಿ ಜೋರಾಗಿದೆ. ಬೆಳಿಗ್ಗೆ ಸ್ವೆಟರ್ ಹಾಕಿ ಮಫ್ಲರ್ ಸುತ್ತಿ ಹೊರಟೆ. ನಡಿ ಎಂದೆ. ಕಾಶಿ ಏಳಲಿಲ್ಲ. ಅವಳಿಗೆ ಅದು ಯಾರದೋ ಬೆನ್ನು. ಬಿಚ್ಚಿಟ್ಟು ಬಿಳಿ ಅಂಗಿಯಲ್ಲೇ ನಿಂತೆ, ಕೂಡಲೇ ಎದ್ದಳು. ಹಲ್ಲು ಕಟಕಟಿಸುತ್ತ ಓಣಿಯ ತಿರುವಿನವರೆಗೆ ಹೋದೆವು. ಸೀಮಾಳ ಲೆಕ್ಕದಲ್ಲಿ ಎರಡೆಣಿಸಿ ಒಂದು ಹೆಜ್ಜೆ, ಆ ಚಳಿಯಲ್ಲಿ ನಾನು ನಾಲ್ಕು ಎಣಿಸಿದ್ದೂ ಉಂಟು.

ಸ್ವೆಟರನ್ನು ಅಂಗಿಯ ಒಳಗೆ ಹಾಕಿಕೊಳ್ಳಿರಿ ಮಾವಾರ ಎಂದು ತೃಪ್ತಿ ಆಮೇಲೆ ಹೇಳಿದಳು. ಮೊದಲೇ ಹೇಳಬಾರದಿತ್ತೆ?

ಹೆಜ್ಜೆ: ಅರವತ್ತು.

ಡಿಸೆಂಬರ್ ೨೭, ಶುಕ್ರವಾರ

ಮಿರಜಕ್ಕೆ ಹೋಗಿ ಬಂದೆವು. ಎಕ್ಸ್‌ರೇ ಚೆನ್ನಾಗಿದೆ, ಎಲುಬು ಕೂಡುತ್ತಿದೆ. ನಡೆದು ತೋರಿಸಿ ಎಂದು ಡಾಕ್ಟರು ಹೇಳಿದರು. ಕಾಶಿ ಅವರ ಮುಖ ನೋಡುತ್ತ ಕೂತಳು. ನಡೆಯುವುದಿಲ್ಲ ಎಂದು ಬರೆಯಲು ಡಾಕ್ಟರು ಪೆನ್ನು ತೆರೆದರು. ನಿತಿನ ನೆಲ ನೋಡಿದ. ಅವನ ಮೊಬೈಲಿನಲ್ಲಿ ಮಂಚ ಇನ್ನೂ ಇದೆ.

ಒಂದು ನಿಮಿಷ ತಡೀರಿ ಎಂದೆ. ಟೋಪಿ ಹಾಕಿಕೊಂಡು ಬೆನ್ನು ಮಾಡಿ, "ನಡಿ" ಎಂದೆ. ಅಷ್ಟು ಜನರ ನಡುವೆ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಕನ್ನಡಿ ಹಿಡಿದು ಮದುಮಗನ ಹಾಗೆ ನಿಧಾನ ನಡೆದೆ. ಹಿಂದೆ ವಾಕರಿನ ರಬ್ಬರು ಟಕ್ ಟಕ್ ಎನ್ನುತ್ತ ಬಂತು. ಕೊನೆಯ ಗೋಡೆ ಮುಟ್ಟುವ ತನಕ ಬಂತು.

ಡಾಕ್ಟರು ಕಾಗದದ ಮೇಲೆ ಏನು ಬರೆದರೋ, ನಿತಿನ ಅದನ್ನು ಎರಡು ಸಲ ಓದಿದ. ಕಾರಿನಲ್ಲಿ ಕೂತ ಮೇಲೆ, "ಮಂಚ ಬ್ಯಾಡ ಅಂತ ಹೇಳಿಬಿಡ್ತೀನಿ ಅಪ್ಪಾ" ಎಂದ. ದಾರಿಯುದ್ದಕ್ಕೂ ಕಾಶಿ ನನ್ನ ಪಕ್ಕದಲ್ಲಿ ಸೆರಗು ಬಿಗಿಯಾಗಿ ಹಿಡಿದು ಕೂತಿದ್ದಳು. ಜಾಬರನ ಜೊತೆ ಒಂದೇ ಸೀಟು ಎಂದು ಅವಳಿಗೆ ಮುಜುಗರ.

ಜನವರಿ ೫, ಭಾನುವಾರ

ಕಾರ್ಖಾನೆಯ ಹೊಸ ಡೈರಿ ಬಂದಿದೆ. ಇದನ್ನು ಕೋರಾ ಬಿಡುವುದಿಲ್ಲ.

ಇವತ್ತು ಬಸದಿಗೆ ಹೋದೆವು. ಮನೆಯಿಂದ ಬಸದಿಯ ಮೆಟ್ಟಿಲಿಗೆ ನೂರಾನಲವತ್ತು ಹೆಜ್ಜೆ, ನಿನ್ನೆಯೇ ಎಣಿಸಿ ಬಂದಿದ್ದೆ. ತೃಪ್ತಿ ವಾಕರಿಗೆ ಒಂದು ಚೀಲ ಹೊಲಿದು ಅದರಲ್ಲಿ ಅಕ್ಷತೆ ಡಬ್ಬಿ ಇಟ್ಟಿದ್ದಳು. ಶೈಲಾ ಅಥಣಿಯಿಂದ ಬಂದು ಮೆಟ್ಟಿಲಲ್ಲಿ ಕಾದು ನಿಂತಿದ್ದಳು.

ತೊಂಬತ್ತರ ತನಕ ಎಲ್ಲ ಸರಿ ಇತ್ತು. ಆಮೇಲೆ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು, ಹಾಡು ಹಚ್ಚಿಕೊಂಡು. ನಾನು ಕನ್ನಡಿ ಕಿಸೆಗೆ ಹಾಕಿ ಅದಕ್ಕೆ ಕೈ ಮಾಡಿ ತಡೆಯುತ್ತಿದ್ದೆ. ಆ ಗದ್ದಲದಲ್ಲಿ ಹಿಂದಿನಿಂದ ಒಂದು ದನಿ ಬಂತು. ದೊಡ್ಡದಲ್ಲ.

"ಏನ್ರಿ."

ತಿರುಗಬಾರದೆಂಬ ನಿಯಮ ನನಗೆ ನೆನಪಾಗಲಿಲ್ಲ. ತಿರುಗಿದೆ. ಕಾಶಿ ಓಣಿಯ ನಡುವೆ ನಿಂತಿದ್ದಳು, ಹಣೆಯಲ್ಲಿ ಬೆವರು, ತೃಪ್ತಿ ಪಟ್ಟಿ ಬಿಗಿಯಾಗಿ ಹಿಡಿದಿದ್ದಳು. ಕಾಶಿ ನನ್ನ ಮುಖ ನೋಡಿದಳು. ನಾನು ಎಷ್ಟೋ ದಿನದಿಂದ ಕಾದದ್ದು ಆ ನೋಟಕ್ಕೆ. ಇವತ್ತಾದರೂ ಗುರುತು ಹಿಡಿಯುತ್ತಾಳೆ ಎಂದುಕೊಂಡೆ.

"ಈಶ್ವರಣ್ಣಾ, ಅವ್ರು ಮುಂದ ಹ್ವಾದ್ರು. ಒಂದಿಟು ನಿಂದ್ರಂತ ಹೇಳು. ಕಾಲ ಸೋತಾವು" ಎಂದಳು.

ಹೇಳುತ್ತೇನೆ ಎಂದೆ. ಮತ್ತೆ ಬೆನ್ನು ತಿರುಗಿಸಿದೆ. ಟೋಪಿ ಸರಿಮಾಡಿಕೊಂಡು ಅಲ್ಲೇ ನಿಂತೆ. ಟ್ರ್ಯಾಕ್ಟರಿನವ ಹಾಡು ಬಂದ್ ಮಾಡಿದ. ಅವಳು ಸುಧಾರಿಸಿಕೊಳ್ಳುವ ತನಕ ನಾನು ನಿಂತೇ ಇದ್ದೆ, ಎಷ್ಟೆಣಿಸಿದೆನೋ ಲೆಕ್ಕವಿಲ್ಲ. ಆಮೇಲೆ ಟಕ್ ಎಂದಿತು, ಮತ್ತೊಂದು ಟಕ್. ಹತ್ತಿರ ಬಂತು. ತೀರ ಹತ್ತಿರ ಬಂದು ನಿಂತಿತು. ಬೆನ್ನ ಮೇಲೆ ಒಂದು ಕೈ ಬಿತ್ತು.

"ಈ ಸಲ ಕೇಳಿಸ್ತೇನ್ರಿ?"

ತಿರುಗಲಿಲ್ಲ. ಕೇಳಿಸಿತು ಎಂದೆ.

ಹೆಜ್ಜೆ: ನೂರಾನಲವತ್ತು. ನಾನು ನಿಂತದ್ದು: ಒಂದು ಸಲ.